‘ಕೋರ್’ ಎಂದರೆ ‘ಕೋರಿಕೆ’ ಅಲ್ಲ ಎಂಬ ಬಗ್ಗೆ

ವಿಳಾಸ ಬದಲಾವಣೆ ವಿಭಾಗ
ಅಧೀಕ್ಷಕರ ಕೊಠಡಿ (ಕಡತಗಳ ಕೊಠಡಿಯ ಹಿಂಬದಿ, ಹಲಗೆ ತಡಿಕೆಯ ಆಚೆ)

ಸಂಖ್ಯೆ: ವಿಬವಿ/ಗಣಕ/ಸುತ್ತೋಲೆ ೪/ಸುತ್ತೋಲೆ ೩ರ ತಿದ್ದುಪಡಿಯ ಮರು ತಿದ್ದುಪಡಿ
ದಿನಾಂಕ: ಈ ತಿಂಗಳ ಇಪ್ಪತ್ತಾರು

ಸುತ್ತೋಲೆ

ವಿಷಯ: ನೇರಳೆ ಚೀಟಿ ಕಂಪನಿ ಹಾಗೂ ಹಳದಿ ಚೀಟಿ ಕಂಪನಿಗಳ ಕಂಪ್ಯೂಟರ್ ಪ್ರೊಸೆಸರುಗಳ ನಡುವಿನ ಪೈಪೋಟಿಯನ್ನು ಆಯಾ ಕಂಪನಿಗಳಿಗೇ ಬಿಟ್ಟುಕೊಟ್ಟು, ಈ ವಿಭಾಗದ ಒಂದನೇ ಕಿಟಕಿ ಮತ್ತು ಎರಡನೇ ಕಿಟಕಿಗಳು ಪರಸ್ಪರ ಮಾತು ಪುನರಾರಂಭಿಸುವ ಬಗ್ಗೆ.

ಉಲ್ಲೇಖ: (೧) ಕೇಂದ್ರ ಕಚೇರಿಯ ದೂರವಾಣಿ ಕರೆ, ಅರ್ಧದಲ್ಲಿ ಕಡಿದುಹೋದದ್ದು. (೨) ಈ ವಿಭಾಗದ ಸುತ್ತೋಲೆ ೧, ೨ ಮತ್ತು ೩. (೩) ಬೇಕರಿಯವರ ದೂರು, ಕ್ಷೌರದಂಗಡಿಯವರ ದೂರು, ಹಾಗೂ ಅವರಿಬ್ಬರ ಜಂಟಿ ದೂರು. (೪) ಅಧೀಕ್ಷಕರ ಮನೆಯ ಅಡುಗೆಕೋಣೆಯಲ್ಲಿ ನಡೆದ ಮೌಖಿಕ ಚರ್ಚೆ, ನಡವಳಿ ಬರೆದಿರುವುದಿಲ್ಲ.

ಪ್ರಸ್ತಾವನೆ

ಈ ವಿಭಾಗದಲ್ಲಿ ಸಿಬ್ಬಂದಿ ಮೂವರು. ಒಂದನೇ ಕಿಟಕಿಯ ಗುಮಾಸ್ತರು ಕೆಳಗೆ ಸಹಿ ಮಾಡಿರುವ ಅಧೀಕ್ಷಕಿಯವರ ಒಡಹುಟ್ಟಿದ ತಮ್ಮ. ಎರಡನೇ ಕಿಟಕಿಯ ಗುಮಾಸ್ತರು ಅದೇ ಅಧೀಕ್ಷಕಿಯವರ ಯಜಮಾನರು. ಹತ್ತಿರದ ಸಂಬಂಧಿಕರು ಒಂದೇ ಕಚೇರಿಯಲ್ಲಿ ಇರತಕ್ಕದ್ದಲ್ಲ ಎಂಬ ನಿಯಮವೊಂದು ಇರುವುದಾಗಿ ಕೇಳಿಬಂದಿದ್ದು, ಆ ನಿಯಮದ ಕಡತವನ್ನು ಹುಡುಕುವ ಕೆಲಸವನ್ನು ಇದೇ ಮೂವರಿಗೆ ವಹಿಸಿದ್ದರಿಂದ ಅದು ಇದುವರೆಗೆ ಸಿಕ್ಕಿರುವುದಿಲ್ಲ.

ಎರಡನೇ ಕಿಟಕಿಯವರು ಈ ತಿಂಗಳ ಮೂವತ್ತರಂದು ನಿವೃತ್ತರಾಗುತ್ತಿದ್ದಾರೆ. ಯಾರೇ ನಿವೃತ್ತರಾಗಲಿ, ಅವರ ಬಿಡುಗಡೆ ಆದೇಶವನ್ನು ಪಕ್ಕದ ಕಿಟಕಿಯವರು ಎದ್ದುನಿಂತು ಗಟ್ಟಿಯಾಗಿ ಓದುವುದು ಈ ವಿಭಾಗ ಹುಟ್ಟಿದಂದಿನಿಂದ ನಡೆದುಬಂದ ಪದ್ಧತಿ. ಎರಡನೇ ಕಿಟಕಿಗೆ ಪಕ್ಕದ ಕಿಟಕಿ ಒಂದೇ. ಆ ಕಿಟಕಿಯವರು ಕಳೆದ ಐದು ವಾರಗಳಿಂದ ಇವರೊಂದಿಗೆ ಮಾತು ಬಿಟ್ಟಿರುತ್ತಾರೆ, ಇವರೂ ಅವರೊಂದಿಗೆ. ಮೂವತ್ತನಾಲ್ಕು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಊರವರ ಮನೆ ಬದಲಾಯಿಸಿಕೊಟ್ಟ ಮನುಷ್ಯ, ಯಾರ ಬಾಯಿಂದಲೂ ಒಂದು ಮಾತು ಬೀಳದೆ, ಡಬ್ಬಿಚೀಲ ಹಿಡಿದು ಬಾಗಿಲು ದಾಟುವ ಪರಿಸ್ಥಿತಿ ಬಂದೊದಗಿದೆ. ಇದು ಆಗಬಾರದು. ಈ ಸುತ್ತೋಲೆಯ ಉದ್ದೇಶ ಇಷ್ಟೇ. ಉಳಿದದ್ದೆಲ್ಲ ಕಲಂಗಳು.

ಆದುದರಿಂದ ಸಂಬಂಧಪಟ್ಟ ಇಬ್ಬರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

೧. ತಪ್ಪು ಹುಟ್ಟಿದ ಬಗೆ

ಮೂರು ತಿಂಗಳ ಹಿಂದೆ ಕೇಂದ್ರ ಕಚೇರಿಯವರು ಎರಡು ಕಂಪ್ಯೂಟರು ಕಳುಹಿಸಿದರು. ಒಂದರ ಒಳಗಿನ ಪ್ರೊಸೆಸರು ನೇರಳೆ ಚೀಟಿ ಕಂಪನಿಯದು, ಇನ್ನೊಂದರದು ಹಳದಿ ಚೀಟಿ ಕಂಪನಿಯದು. ಪೆಟ್ಟಿಗೆಯ ಮುಂಭಾಗದಲ್ಲಿ ಅಂಟಿಸಿದ್ದ ಚೀಟಿಯ ಬಣ್ಣದಿಂದ ಈ ಹೆಸರುಗಳು ರೂಢಿಗೆ ಬಂದವು. ಕಂಪನಿಗಳಿಗೆ ಅವರವರ ಮನೆಯಲ್ಲಿ ಬೇರೆ ಹೆಸರಿರಬಹುದು. ಮೂರು ತಿಂಗಳು ಎರಡನ್ನೂ ನಡೆಸಿ, ಯಾವುದು ಮೇಲೆಂದು ವರದಿ ಕೊಡಬೇಕು, ಮೇಲಾದದ್ದನ್ನೇ ಎಲ್ಲ ಕಚೇರಿಗೂ ಕೊಳ್ಳಲಾಗುವುದು ಎಂಬುದು ಆದೇಶ.

ಯಂತ್ರಗಳ ವಿವರವನ್ನು ಕೇಂದ್ರ ಕಚೇರಿಯವರು ದೂರವಾಣಿಯಲ್ಲಿ ಓದಿ ಹೇಳಿದರು, ಇಲ್ಲಿ ಒಬ್ಬರು ಬರೆದುಕೊಂಡರು. “ಎಂಟು ಕೋರ್” ಎನ್ನುವಷ್ಟರಲ್ಲಿ ದನಿ ಕಡಿಯಿತು. ಬರೆದುಕೊಳ್ಳುತ್ತಿದ್ದವರು ಮೂವತ್ತೊಂದು ವರ್ಷದಿಂದ ಸರ್ಕಾರಿ ಕಾಗದ ಬರೆಯುತ್ತ ಬಂದವರು. ‘ಕೋರ್’ ಎಂದು ಶುರುವಾದ ಮಾತು ‘ಕೋರಿಕೆ’ ಎಂದೋ ‘ಕೋರಲಾಗಿದೆ’ ಎಂದೋ ಮುಗಿಯದೆ ಬೇರೆ ದಾರಿ ಹಿಡಿದದ್ದನ್ನು ಅವರು ಹುಟ್ಟಿದಾರಭ್ಯ ಕಂಡಿರಲಿಲ್ಲ. ಪಾಪ, ಅರ್ಧದಲ್ಲಿ ನಿಂತ ಮಾತನ್ನು ಅವರೇ ಮುಗಿಸಿಕೊಟ್ಟರು. ಸುತ್ತೋಲೆ ೧ರಲ್ಲಿ “ಸದರಿ ಯಂತ್ರವು ಎಂಟು ಕೋರಿಕೆಗಳುಳ್ಳದ್ದು” ಎಂದು ಹೊರಬಿತ್ತು.

ಹಾಗೆ ಬರೆದುಕೊಂಡವರು ಯಾರು ಎಂಬುದನ್ನು ಕಲಂ ೧೦ರಲ್ಲಿ ನೋಡತಕ್ಕದ್ದು. ಅಲ್ಲಿಯವರೆಗೆ ಊಹೆ ಮಾಡತಕ್ಕದ್ದಲ್ಲ.

೨. ಕಿಟಕಿಯಲ್ಲಿ ತಲೆಗಳ ಮಿತಿ

ಎಂಟು ಕೋರಿಕೆಯ ಯಂತ್ರವೆಂದರೆ ಒಂದೇ ಸಲಕ್ಕೆ ಎಂಟು ಜನರ ಕೋರಿಕೆ ತೆಗೆದುಕೊಳ್ಳಬೇಕೆಂದು ಎರಡೂ ಕಿಟಕಿಯವರು ನಿಷ್ಠೆಯಿಂದ ಅರ್ಥಮಾಡಿಕೊಂಡರು. ಒಂದನೇ ಕಿಟಕಿಯಲ್ಲಿ, ಅಂದರೆ ನೇರಳೆ ಚೀಟಿಯ ಮುಂದೆ, ಎಂಟು ಜನ ಒಟ್ಟಿಗೆ ತಲೆ ತೂರಿಸಿದರು. ಹಳದಿ ಚೀಟಿಯ ಯಂತ್ರ ಹನ್ನೆರಡರದ್ದೆಂದು ಅದರ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿದ್ದರಿಂದ ಎರಡನೇ ಕಿಟಕಿಯವರು ಹನ್ನೆರಡು ತಲೆಗೆ ಏರಿಸಿದರು. ಸುದ್ದಿ ನೇರಳೆ ಕಂಪನಿಯ ಮಾರಾಟ ಪ್ರತಿನಿಧಿಗೆ ಮುಟ್ಟಿತು. ಆತ ವಾರದೊಳಗೆ ಬಂದು ಹಳೆಯ ಪ್ರೊಸೆಸರು ಕಿತ್ತು ಹದಿನಾರರದ್ದನ್ನು ಹಾಕಿಕೊಟ್ಟು, ಜೊತೆಗೊಂದು ಬರೆಯುವ ಲೇಖನಿಯನ್ನೂ ಕೊಟ್ಟು ಹೋದ. ಕಿಟಕಿಯ ಅಗಲ ಎರಡಡಿ. ಅದನ್ನು ಹೆಚ್ಚಿಸಲು ಎರಡೂ ಕಂಪನಿಗಳಲ್ಲಿ ಯಾವುದೂ ಮುಂದೆ ಬಂದಿರುವುದಿಲ್ಲ.

ಇದರ ಪರಿಣಾಮವಾಗಿ ಬೇಕರಿಯವರು ಕ್ಷೌರದಂಗಡಿಯವರ ಮನೆಗೂ, ಕ್ಷೌರದಂಗಡಿಯವರು ಗಡಿಯಾರ ರಿಪೇರಿಯವರ ಅತ್ತೆಯ ಮನೆಗೂ ದಾಖಲೆಯಲ್ಲಿ ವಾಸ ಬದಲಾಯಿಸಿದರು. ಬೇಕರಿಯವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿದೆ: “ಸ್ವಾಮಿ, ನಾನು ಮನೆ ಬದಲಾಯಿಸಿದ್ದು ನಿಜ. ಹೆಂಡ್ತೀನ ಬದಲಾಯಿಸಿದ್ದು ಯಾವಾಗ ಅಂತ ನೀವೇ ಹೇಳ್ಬೇಕು. ನೀವು ಕೊಟ್ಟ ಆ ವಿಳಾಸದ ಚೀಟಿ ಮನೇಲಿ ಅವಳ ಕೈಗೇ ಸಿಕ್ಕಿರೋದು.”

ಇನ್ನು ಮುಂದೆ ಒಂದು ಕಿಟಕಿಗೆ ಒಂದು ತಲೆ ಮಾತ್ರ. ಕೂಸನ್ನು ಎತ್ತಿಕೊಂಡು ಬಂದವರಿಗೆ ಒಂದೂಕಾಲು ತಲೆಗೆ ಅವಕಾಶ ಕಲ್ಪಿಸಲಾಗಿದೆ.

೩. ದಾರ

ಅದೇ ದೂರವಾಣಿ ಕರೆಯ ಹಿಂದಿನ ಸಾಲಿನಲ್ಲಿ “ಹದಿನಾರು ಥ್ರೆಡ್” ಎಂದೂ ಇತ್ತು. ಥ್ರೆಡ್ ಎಂದರೆ ದಾರ ಎಂಬುದು ಯಾರಿಗೆ ಗೊತ್ತಿಲ್ಲ. ಆ ಪ್ರಕಾರ ಉಗ್ರಾಣದಿಂದ ಹದಿನಾರು ಉಂಡೆ ಕಡತ ಕಟ್ಟುವ ದಾರವನ್ನು ಒಂದನೇ ಕಿಟಕಿಗೂ, ಅದೇ ಲೆಕ್ಕದಲ್ಲಿ, ತಲೆಗೆ ಎರಡರಂತೆ, ಇಪ್ಪತ್ತನಾಲ್ಕು ಉಂಡೆಯನ್ನು ಎರಡನೇ ಕಿಟಕಿಗೂ ಕೊಡಿಸಲಾಯಿತು. ಎಂಟು ಉಂಡೆ ಕಡಿಮೆ ಬಂದವೆಂದು ಒಂದನೇ ಕಿಟಕಿಯವರು ಲಿಖಿತ ಆಕ್ಷೇಪಣೆ ಸಲ್ಲಿಸಿದ್ದರು.

ಪ್ರೊಸೆಸರಿನ ಥ್ರೆಡ್ಡಿಗೂ ಕಡತದ ದಾರಕ್ಕೂ ಯಾವ ನಂಟೂ ಇಲ್ಲವೆಂದು ಈಗ ತಿಳಿದುಬಂದಿರುವುದರಿಂದ, ನಲವತ್ತೂ ಉಂಡೆಗಳನ್ನು ಹಿಂದಿರುಗಿಸತಕ್ಕದ್ದು. ಯಂತ್ರಕ್ಕೆ ಈಗಾಗಲೇ ಸುತ್ತಿರುವ ದಾರವನ್ನು ಬಿಚ್ಚಲು ಹೋಗಿ ಕರೆಂಟಿನ ವೈರು ಬಿಚ್ಚತಕ್ಕದ್ದಲ್ಲ.

೪. ಗಡಿಯಾರ

ಸುತ್ತೋಲೆ ೨ರಲ್ಲಿ “ಯಂತ್ರದ ಗಡಿಯಾರದ ವೇಗವನ್ನು ಗಮನಿಸಿ ವರದಿ ಮಾಡತಕ್ಕದ್ದು” ಎಂದು ಹೇಳಲಾಗಿತ್ತು. ನೇರಳೆ ಕಂಪನಿಯವರು ತಮ್ಮ ಪ್ರೊಸೆಸರಿನ ಗಡಿಯಾರ ಹಳದಿಯದಕ್ಕಿಂತ ಜೋರೆಂದು ಹೇಳಿಕೊಂಡು ಬಂದವರು. ಪ್ರೊಸೆಸರಿನೊಳಗೆ ಗಡಿಯಾರವೆಂಬುದು ಒಂದು ಬಡಿತದ ಲೆಕ್ಕವೇ ಹೊರತು ಮುಳ್ಳಿರುವ ಗಡಿಯಾರವಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಎರಡು ಕಿಟಕಿಗಳ ಮೇಲೂ ಒಂದೊಂದು ಗೋಡೆ ಗಡಿಯಾರ ತೂಗುಹಾಕಲಾಯಿತು.

ಒಂದನೇ ಕಿಟಕಿಯವರು ದಿನಕ್ಕೆ ಎರಡು ನಿಮಿಷದಂತೆ ತಮ್ಮ ಗಡಿಯಾರವನ್ನು ಮುಂದಕ್ಕೆ ತಿರುಗಿಸಿಕೊಂಡು ಬಂದರು. ಮೂರನೇ ವಾರಕ್ಕೆ ಅವರು ಎರಡನೇ ಕಿಟಕಿಗಿಂತ ಮೂವತ್ತಾರು ನಿಮಿಷ ಮೊದಲೇ ಊಟಕ್ಕೆ ಏಳತೊಡಗಿದರು. ಕಡತಗಳ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಮೂರೂ ಜನ ಒಂದೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದವರು ಈಗ ಎರಡು ಹೊತ್ತಿಗೆ ಉಣ್ಣುವಂತಾಯಿತು. ಅಧೀಕ್ಷಕಿಯವರು ಒಮ್ಮೆ ತಮ್ಮನೊಂದಿಗೆ, ಒಮ್ಮೆ ಗಂಡನೊಂದಿಗೆ ಎಂದು ಎರಡು ಸಲ ಊಟಕ್ಕೆ ಕೂತು, ಎರಡು ಸಲವೂ ಹೊಟ್ಟೆ ತುಂಬದೆ ಎದ್ದಿರುತ್ತಾರೆ.

ಎರಡು ಗಡಿಯಾರಗಳನ್ನೂ ಕೂಡಲೇ ಇಳಿಸತಕ್ಕದ್ದು. ಸಮಯವನ್ನು ಹಿಂದಿನಂತೆ ಎದುರಿನ ಅಂಗಡಿಯ ಷಟರು ಏಳುವ ಸದ್ದಿನಿಂದ ತಿಳಿಯತಕ್ಕದ್ದು.

೫. ಪೀಠ ಮತ್ತು ಆಡಬಾರದ ಮಾತು

ಪ್ರೊಸೆಸರು ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ನೇರಳೆ ಕಂಪನಿಯವರು ಎರಡು ವರ್ಷಕ್ಕೊಮ್ಮೆ ಆ ಪೀಠವನ್ನೇ ಬದಲಾಯಿಸುತ್ತಾರೆ. ಹೊಸದು ಹಾಕಬೇಕೆಂದರೆ ಹಳೆಯ ಬೋರ್ಡೂ ಹೋಗಬೇಕು. ಹಳದಿಯವರು ಐದಾರು ವರ್ಷ ಅದೇ ಪೀಠ ಉಳಿಸಿಕೊಳ್ಳುವುದಾಗಿ ಮಾತು ಕೊಡುತ್ತಾರೆ. ಎರಡನೇ ಕಿಟಕಿಯವರ ಮನಸ್ಸು ಹಳದಿಯ ಕಡೆ ವಾಲಿದ್ದು ಈ ಒಂದು ಕಾರಣಕ್ಕೆ. ಅವರು ಹೀಗೆಂದದ್ದು ಸಾರ್ವಜನಿಕರೆದುರೇ ದಾಖಲಾಗಿದೆ: “ಕೂತ ಜಾಗದಲ್ಲಿ ನೆಟ್ಟಗೆ ಕೂತ್ಕೊಂಡು ಕೆಲಸ ಮಾಡೋ ಕಂಪನಿ ಇದು. ನಿನ್ನ ನೇರಳೆಯವನಿಗೆ ಕುರ್ಚಿ ಬಿಸಿಯಾಗೋಷ್ಟರಲ್ಲಿ ಎದ್ದು ಹೋಗೋ ಚಾಳಿ, ಮಹರಾಯ.”

ಒಂದನೇ ಕಿಟಕಿಯವರು ಹೊಸದರ ಹುಚ್ಚಿನವರು. ಹಲ್ಲುಜ್ಜುವ ಬ್ರಷ್ಷನ್ನೂ ಮಾದರಿ ಬದಲಾದರೆ ಬದಲಾಯಿಸುವ ಜನ. ಅಂದು ಕಿಟಕಿಯೊಳಗೆ ಹದಿನಾರು ತಲೆಗಳಿದ್ದವು, ಸೆಕೆ ಇತ್ತು, ಬೇಕರಿಯವರು ದೂರು ಹಿಡಿದು ನಿಂತಿದ್ದರು. ಒಂದನೇ ಕಿಟಕಿಯವರು ಹಿಂದುಮುಂದು ನೋಡದೆ ಅಂದುಬಿಟ್ಟರು: “ಭಾವ, ನಿಮ್ದು ಹಳೇ ಮಾಡೆಲ್ಲು. ಮುಂದಿನ ತಿಂಗಳ ಕೊನೆಗೆ ಕಂಪನಿಯವರೇ ನಿಲ್ಲಿಸ್ತಿದ್ದಾರೆ.”

ಕಿಟಕಿಯಲ್ಲಿದ್ದ ಹದಿನಾರೂ ತಲೆಗಳು ನಕ್ಕವು. ಎರಡನೇ ಕಿಟಕಿಯವರು ಬೆಳಿಗ್ಗೆ ಹತ್ತೂ ನಲವತ್ತಕ್ಕೆ ‘ಊಟದ ವಿರಾಮ’ ಎಂಬ ಹಲಗೆ ಇಟ್ಟು, ಮುದ್ರೆಯನ್ನು ಒರೆಸಿ ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು. ಹಲಗೆಯನ್ನು ಸಂಜೆಯವರೆಗೆ ತೆಗೆಯಲಿಲ್ಲ. ಮಾತು ನಿಂತದ್ದು ಅಂದಿನಿಂದ.

ಇನ್ನು ಮುಂದೆ ಪ್ರೊಸೆಸರಿಗೆ ಅನ್ವಯಿಸುವ ಯಾವುದೇ ಮಾತನ್ನು ಸಂಬಂಧಿಕರಿಗೆ ಅನ್ವಯಿಸತಕ್ಕದ್ದಲ್ಲ. ಸಂಬಂಧಿಕರಿಗೆ ಅನ್ವಯಿಸುವ ಮಾತನ್ನು ಪ್ರೊಸೆಸರಿಗೆ ಅನ್ವಯಿಸಬಹುದು. ಅದು ಬೇಸರಪಡುವುದಿಲ್ಲವೆಂದು ಎರಡೂ ಕಂಪನಿಗಳು ಖಾತರಿ ನೀಡಿರುತ್ತವೆ.

೬. ಬಿಸಿ

ಕೇಂದ್ರ ಕಚೇರಿಯಿಂದ ಯಂತ್ರ ದುರಸ್ತಿಯ ಹೆಣ್ಣುಮಗಳೊಬ್ಬಳು ಕಳೆದ ವಾರ ಬಂದಿದ್ದಳು. ಎರಡೂ ಪೆಟ್ಟಿಗೆಗಳ ಪಕ್ಕದ ಹಲಗೆ ಬಿಚ್ಚಿ, ಮೊದಲಿಗೆ ಅಡ್ಡ ಬಂದಷ್ಟು ದಾರ ಕತ್ತರಿಸಿ, ಧೂಳು ಊದಿದಳು. ಪ್ರೊಸೆಸರು ಮಿತಿಮೀರಿ ಬಿಸಿಯಾದರೆ ಸುಟ್ಟುಹೋಗದಂತೆ ತಾನಾಗಿಯೇ ನಿಧಾನವಾಗುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ ಎಂದು ತಿಳಿಸಿದಳು. ಈ ಒಂದು ವಿಷಯದಲ್ಲಿ ಎರಡೂ ಕಂಪನಿಗಳಿಗೆ ಭಿನ್ನಾಭಿಪ್ರಾಯವಿಲ್ಲವಂತೆ.

ಈ ವ್ಯವಸ್ಥೆ ಉತ್ತಮವಾಗಿದ್ದು, ಇದನ್ನು ಸಿಬ್ಬಂದಿಗೂ ವಿಸ್ತರಿಸಲಾಗಿದೆ. ಬಿಸಿಯಾದ ಗುಮಾಸ್ತರು ಬಾಯಿಯನ್ನು ಕೂಡಲೇ ನಿಧಾನಗೊಳಿಸತಕ್ಕದ್ದು. ತಣ್ಣಗಾಗಲು ಹೂಜಿಯ ನೀರು, ಹಿತ್ತಲ ಕಟ್ಟೆ ಮತ್ತು ಹಳೆಯ ಕಡತದ ರಟ್ಟು ಲಭ್ಯವಿದೆ. ರಟ್ಟನ್ನು ಬೀಸಿಕೊಳ್ಳಲು ಮಾತ್ರ ಬಳಸತಕ್ಕದ್ದು, ಮೇಜಿಗೆ ಬಡಿಯಲು ಬಳಸತಕ್ಕದ್ದಲ್ಲ. ಈ ಕಲಂ ಐದು ವಾರದ ಹಿಂದೆಯೇ ಜಾರಿಯಲ್ಲಿದ್ದಿದ್ದರೆ ಉಳಿದ ಕಲಂಗಳ ಅಗತ್ಯ ಬೀಳುತ್ತಿರಲಿಲ್ಲ ಎಂಬುದನ್ನು ವಿಷಾದದಿಂದ ನಮೂದಿಸಲಾಗಿದೆ.

೭. ಕೆಲಸವಿಲ್ಲದ ಕೋರುಗಳ ಹಾಜರಿ

ಅದೇ ಹೆಣ್ಣುಮಗಳು ಪರದೆಯ ಮೇಲೆ ಏನೋ ಗೆರೆಗಳನ್ನು ತೆರೆದು ತೋರಿಸಿ ನೀಡಿದ ಹೇಳಿಕೆ: “ಅಮ್ಮಾ, ಕೋರ್ ಅಂದ್ರೆ ಕೋರಿಕೆ ಅಲ್ಲ. ಪ್ರೊಸೆಸರಿನೊಳಗೆ ಲೆಕ್ಕ ಮಾಡೋ ತಲೆ ಇದ್ದ ಹಾಗೆ ಅದು. ನಿಮ್ಮ ವಿಳಾಸ ಬದಲಾವಣೆಗೆ ಒಂದು ತಲೆ ಸಾಕು, ಅದೂ ಅರ್ಧ ನಿದ್ದೇಲಿದೆ ನೋಡಿ. ಉಳಿದವು ಸುಮ್ನೆ ಕೂತಿವೆ, ಇದ್ರಲ್ಲೂ ಅದ್ರಲ್ಲೂ.”

ಆ ಪ್ರಕಾರ ಒಂದನೇ ಕಿಟಕಿಯ ಯಂತ್ರದಲ್ಲಿ ಹದಿನೈದು, ಎರಡನೇ ಕಿಟಕಿಯದರಲ್ಲಿ ಹನ್ನೊಂದು, ಒಟ್ಟು ಇಪ್ಪತ್ತಾರು ಕೋರುಗಳು ಮೂರು ತಿಂಗಳಿಂದ ಕರ್ತವ್ಯಕ್ಕೆ ಹಾಜರಿದ್ದೂ ಕೆಲಸ ಮಾಡಿರುವುದಿಲ್ಲ. ಹಾಜರಿದ್ದು ಕೆಲಸ ಮಾಡದಿರುವ ಬಗ್ಗೆ ಈ ವಿಭಾಗದಲ್ಲಿ ಹಿಂದಿನಿಂದಲೂ ಒಂದು ಔದಾರ್ಯ ಇರುವುದರಿಂದ, ಅವುಗಳ ಮೇಲೆ ಕ್ರಮ ಕೈಗೊಂಡಿಲ್ಲ. ಅವುಗಳಿಗಾಗಿ ಪ್ರತ್ಯೇಕ ಹಾಜರಿ ಪುಸ್ತಕ ತೆರೆದಿದೆ. ಸಹಿ ಮಾಡಲು ಬಾರದ ಕೋರುಗಳ ಪರವಾಗಿ ಆಯಾ ಕಿಟಕಿಯವರು ಹೆಬ್ಬೆಟ್ಟು ಒತ್ತತಕ್ಕದ್ದು.

ಒಂದು ವಿಳಾಸ ಬದಲಾಯಿಸಲು ಹಳೆಯ ಯಂತ್ರದಲ್ಲಿ ನಾಲ್ಕು ನಿಮಿಷ ಹಿಡಿಯುತ್ತಿತ್ತು. ನೇರಳೆಯದರಲ್ಲಿ ನಾಲ್ಕು ನಿಮಿಷ. ಹಳದಿಯದರಲ್ಲಿ ನಾಲ್ಕು ನಿಮಿಷ. ಇದರಲ್ಲಿ ಮೂರು ನಿಮಿಷ ಮುದ್ರೆಯ ಶಾಯಿಪ್ಯಾಡು ಹುಡುಕಲು ಹೋಗುತ್ತದೆ. ಶಾಯಿಪ್ಯಾಡು ತಯಾರಿಸುವ ಕಂಪನಿಗಳ ನಡುವೆ ಪೈಪೋಟಿ ಇದೆಯೇ ಎಂದು ವಿಚಾರಿಸಲಾಗುತ್ತಿದೆ.

೮. ಮಾರಾಟ ಪ್ರತಿನಿಧಿಗಳು

ನೇರಳೆಯವರು ಬಂದು ಹೋದ ಮರುದಿನ ಹಳದಿಯವರು, ಹಳದಿಯವರು ಬಂದ ಮರುದಿನ ನೇರಳೆಯವರು ಬರುವುದು ರೂಢಿಯಾಗಿತ್ತು. ಇಬ್ಬರೂ ಒಂದೇ ಉದ್ದದ ಪಟ್ಟಿ ತರುತ್ತಿದ್ದರು. ಪ್ರತಿಯೊಬ್ಬರ ಪಟ್ಟಿಯಲ್ಲೂ ಅವರದೇ ಗೆರೆ ಉದ್ದ. ಒಂದು ದಿನ ದಿನಾಂಕ ತಪ್ಪಿ ಇಬ್ಬರೂ ಒಟ್ಟಿಗೆ ಬಂದುಬಿಟ್ಟರು. ಜಗಳ ನಿರೀಕ್ಷಿಸಿ ಎರಡೂ ಕಿಟಕಿಯವರು ಕೆಲಸ ನಿಲ್ಲಿಸಿ ಎದ್ದುನಿಂತರು. ಪ್ರತಿನಿಧಿಗಳಿಬ್ಬರೂ ಕೈಕುಲುಕಿ, “ಏನಪ್ಪಾ, ನಿನ್ನ ಮಗಳಿಗೆ ಜ್ವರ ಬಿಡ್ತಾ” ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡು, ಒಂದೇ ಸ್ಕೂಟರಿನಲ್ಲಿ ಚಹಾ ಕುಡಿಯಲು ಹೋದರು. ಅವರು ಹೋದ ಮೇಲೂ ನಮ್ಮ ಕಿಟಕಿಯವರಿಬ್ಬರು ಒಬ್ಬರ ಮುಖ ಒಬ್ಬರು ನೋಡದೆ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದರು.

ಪೈಪೋಟಿ ನಡೆಸುವವರೇ ಒಂದೇ ಸ್ಕೂಟರಿನಲ್ಲಿ ಹೋಗುತ್ತಿರುವಾಗ, ಅವರ ಪರವಾಗಿ ಭಾವ-ಮೈದುನರು ಮುಖ ತಿರುಗಿಸಿಕೊಂಡಿರುವುದು ಹೆಚ್ಚುವರಿ ಕೆಲಸವೆಂದು ಪರಿಗಣಿಸಲ್ಪಟ್ಟಿದ್ದು, ಹೆಚ್ಚುವರಿ ಕೆಲಸಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ.

೯. ಮಾತು ಪುನರಾರಂಭಿಸುವ ವಿಧಾನ

ಅ) ಮಾತನ್ನು ಇಪ್ಪತ್ತೇಳರಂದು ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ಆರಂಭಿಸತಕ್ಕದ್ದು. ಮೊದಲು ಯಾರು ಎಂಬ ಪ್ರಶ್ನೆ ಉದ್ಭವಿಸದಂತೆ ಇಬ್ಬರೂ ಏಕಕಾಲಕ್ಕೆ ಮಾತಾಡತಕ್ಕದ್ದು.

ಆ) ಮೊದಲ ದಿನಕ್ಕೆ ಅನುಮೋದಿತ ವಾಕ್ಯಗಳು: “ಶಾಯಿಪ್ಯಾಡ್ ಎಲ್ಲಿ?”, “ಇಲ್ಲೇ ಇತ್ತಲ್ಲ.” ಎರಡನೆಯ ದಿನಕ್ಕೆ: “ಊಟ ಆಯ್ತಾ?” ಮೂರನೆಯ ದಿನ ವಾಕ್ಯಗಳನ್ನು ತಾವೇ ರಚಿಸಿಕೊಳ್ಳಬಹುದು, ‘ಮಾಡೆಲ್’ ಎಂಬ ಪದವನ್ನು ಹೊರತುಪಡಿಸಿ.

ಇ) ಇದುವರೆಗೆ ಚಾಲ್ತಿಯಲ್ಲಿದ್ದ “ಅಕ್ಕಾ, ಭಾವಂಗೆ ಹೇಳು ಫ್ಯಾನ್ ಆಫ್ ಮಾಡಕ್ಕೆ”, “ನೋಡೇ, ನಿನ್ನ ತಮ್ಮಂಗೆ ಹೇಳು ಸೆಕೆ ನನಗೂ ಇದೆ” ಎಂಬ ಬಗೆಯ ಪತ್ರವ್ಯವಹಾರವನ್ನು ರದ್ದುಪಡಿಸಲಾಗಿದೆ. ಅಧೀಕ್ಷಕಿಯವರು ಅಂಚೆಪೇದೆಯಲ್ಲ. ಕಚೇರಿಯಲ್ಲಿ ಅವರನ್ನು ‘ಮೇಡಂ’ ಎಂದು ಕರೆಯುವ ನಿಯಮ ಇದೆ ಎಂಬುದನ್ನೂ ಈ ಸಂದರ್ಭದಲ್ಲಿ ನೆನಪಿಸಲಾಗಿದೆ. ‘ನೋಡೇ’ ಎಂಬುದು ಯಾವ ನಿಯಮದಡಿಯೂ ಬರುವುದಿಲ್ಲ.

೧೦. ಹೊಣೆ ನಿಗದಿ

ದೂರವಾಣಿಯ ಬಳಿ ಅಂದು ಕೂತಿದ್ದವರು ಯಾರೆಂದು ತನಿಖೆ ನಡೆಸಲಾಯಿತು. ತನಿಖಾಧಿಕಾರಿಯನ್ನಾಗಿ ಅಧೀಕ್ಷಕಿಯವರನ್ನೇ ನೇಮಿಸಲಾಗಿತ್ತು. ಅವರು ತಮ್ಮನ್ನು ತಾವೇ ಎದುರಿಗೆ ಕೂರಿಸಿಕೊಂಡು ವಿಚಾರಿಸಿದರು. ಮೊದಮೊದಲು ನುಣುಚಿಕೊಂಡರು, ಲೈನು ಸರಿಯಿರಲಿಲ್ಲ, ಕನ್ನಡಕ ಮನೆಯಲ್ಲಿತ್ತು ಎಂದರು. ಕಿವಿಗೂ ಕನ್ನಡಕಕ್ಕೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಒಪ್ಪಿಕೊಂಡರು.

‘ಎಂಟು ಕೋರಿಕೆ’ ಎಂದು ಬರೆದವರು, ನಲವತ್ತು ಉಂಡೆ ದಾರ ಕೊಡಿಸಿದವರು, ಗೋಡೆಗೆ ಎರಡು ಗಡಿಯಾರ ಹೊಡೆಸಿದವರು, ಮೂರೂ ಸುತ್ತೋಲೆಗೆ ಸಹಿ ಹಾಕಿದವರು ಅವರೇ. ಗೊತ್ತಿಲ್ಲದ ಪದ ಕಂಡರೆ ಯಾರನ್ನಾದರೂ ಕೇಳಬೇಕಿತ್ತು. ಆ ಕುರ್ಚಿಯಲ್ಲಿ ಕೂತ ಮೇಲೆ ಕೇಳುವ ಅಭ್ಯಾಸ ತಪ್ಪಿಹೋಗಿತ್ತು. ತಮ್ಮನೂ ಗಂಡನೂ ಓಡಿದ್ದು ಅವರು ಗೆರೆ ಎಳೆದುಕೊಟ್ಟ ಓಟವನ್ನು.

ದುರಸ್ತಿಯ ಹೆಣ್ಣುಮಗಳು ಅಂದು “ಎಂಟು ಜನರನ್ನ ಒಟ್ಟಿಗೆ ನಿಲ್ಲಿಸಿ ಅಂತ ಯಾರು ಹೇಳಿದ್ದು ನಿಮಗೆ?” ಎಂದು ಕೇಳಿದಾಗ, ಒಂದನೇ ಕಿಟಕಿಯವರು ಮಾಡು ನೋಡುತ್ತ “ಮೇಲಿಂದ ಬಂದಿತ್ತು” ಎಂದರು. ಎರಡನೇ ಕಿಟಕಿಯವರು ಮುದ್ರೆ ಒರೆಸುತ್ತ “ಬೆರಳಚ್ಚಿನ ತಪ್ಪಿರಬೇಕು” ಎಂದರು. ಐದು ವಾರದಲ್ಲಿ ಅವರಿಬ್ಬರೂ ಒಂದೇ ಕಡೆ ನಿಂತದ್ದು ಆ ಒಂದು ಸುಳ್ಳಿನಲ್ಲಿ. ತಡಿಕೆಯ ಈಚೆ ಕೂತು ಅದನ್ನು ಕೇಳಿಸಿಕೊಂಡವರು ಅಂದು ಡಬ್ಬಿ ಬಿಚ್ಚಲಿಲ್ಲ. ಈ ಸುತ್ತೋಲೆ ಬರೆಯಲು ಕುಳಿತದ್ದು ಆಮೇಲೆ.

ತಪ್ಪಿತಸ್ಥರಿಗೆ ಲಿಖಿತ ಎಚ್ಚರಿಕೆ ನೀಡಲಾಗಿದೆ. ಅವರು ಅದನ್ನು ಓದಿ, ಕಾಗುಣಿತ ತಿದ್ದಿ, ಸ್ವೀಕರಿಸಿರುತ್ತಾರೆ.

೧೧. ಕರಡಿನ ಮೇಲೆ ಬಂದ ಅಭಿಪ್ರಾಯಗಳು, ಹಾಗೂ ತರುವಾಯದ ಬೆಳವಣಿಗೆ

ಮೇಲಿನ ಹತ್ತು ಕಲಂಗಳ ಕರಡನ್ನು ನಿಯಮಾನುಸಾರ ಇಬ್ಬರ ಅಭಿಪ್ರಾಯಕ್ಕಾಗಿ ನಿನ್ನೆ ಮಧ್ಯಾಹ್ನ ಕಳುಹಿಸಲಾಯಿತು. ಪ್ರತಿ ಒಂದೇ ಇದ್ದುದರಿಂದ ಮೊದಲು ಎರಡನೇ ಕಿಟಕಿಗೆ, ಅಲ್ಲಿಂದ ಒಂದನೇ ಕಿಟಕಿಗೆ ಹೋಯಿತು. ಕಲಂ ೨ರ ಅಂಚಿನಲ್ಲಿ ಎರಡನೇ ಕಿಟಕಿಯವರು ಪೆನ್ಸಿಲಿನಲ್ಲಿ “ನನ್ನ ಕಿಟಕಿಯಲ್ಲಿ ಇದ್ದದ್ದು ಹದಿಮೂರು ತಲೆ” ಎಂದು ಬರೆದರು. ಅದರ ಕೆಳಗೆ ಒಂದನೇ ಕಿಟಕಿಯವರು “ಹದಿಮೂರನೆಯದು ಬೇಕರಿಯವರ ಬುಟ್ಟಿ” ಎಂದು ಬರೆದರು. ಕರಡು ತಿರುಗಿ ಹೋಯಿತು. “ಬುಟ್ಟಿಗೂ ಚೀಟಿ ಕೊಟ್ಟಿದ್ದೆ” ಎಂದು ಬಂತು. ಮತ್ತೆ ಹೋಯಿತು. ನಾಲ್ಕನೆಯ ಸಲ ಕಾಗದ ಹೋಗಲಿಲ್ಲ.

ತಡಿಕೆಯ ಆಚೆಯಿಂದ ಮೊದಲು ಮೂಗಿನಲ್ಲಿ ಹಿಡಿದಿಟ್ಟ ಸದ್ದೊಂದು, ಆಮೇಲೆ ಕೆಮ್ಮು, ಆಮೇಲೆ ಮೇಜು ತಟ್ಟುವ ಸದ್ದು ಕೇಳಿಬಂತು. “ಭಾವ, ಕಲಂ ಮೂರು ಓದಿದ್ರಾ? ‘ಯಾರಿಗೆ ಗೊತ್ತಿಲ್ಲ’ ಅಂತೆ.” “ಅಯ್ಯೋ, ಹತ್ತು ನೋಡು ಮಾರಾಯಾ, ತನ್ನನ್ನ ತಾನೇ ಕೂರಿಸ್ಕೊಂಡು ಕೇಳಿದ್ಳಂತೆ. ಮನೇಲೂ ಹಾಗೇ, ಪ್ರಶ್ನೆನೂ ಅವಳೇ, ಉತ್ತರಾನೂ ಅವಳೇ.” “ಚಿಕ್ಕೋಳಿದ್ದಾಗಿಂದ ಹಾಗೇ ಭಾವ. ನನ್ನನ್ನ ಕಳ್ಳ ಅಂತ ಹಿಡಿದು, ಆಮೇಲೆ ಬೆಲ್ಲ ತಿಂದಿದ್ದು ಅವಳೇ ಅಂತ ಗೊತ್ತಾಗೋದು.” ಅಧೀಕ್ಷಕಿಯವರು ಬಾಗಿಲು ತೆರೆದು ನಿಂತರು. ಇಬ್ಬರೂ ತಲೆ ಬಗ್ಗಿಸಿದರು. “ಏನದು?” ಎಂದು ಕೇಳಿದ್ದಕ್ಕೆ ಎರಡನೇ ಕಿಟಕಿಯವರು, “ಏನಿಲ್ಲ ಮೇಡಂ, ಕಡತ ನೋಡ್ತಾ ಇದ್ವಿ” ಎಂದರು. ಬಾಗಿಲು ಮುಚ್ಚಿದ ಮೇಲೆ ಇನ್ನೂ ಜೋರಾಯಿತು.

ಹೀಗಾಗಿ, ಯಾವ ಉದ್ದೇಶಕ್ಕಾಗಿ ಈ ಸುತ್ತೋಲೆ ಹೊರಡಿಸಲಾಗುತ್ತಿದೆಯೋ ಅದು ಹೊರಡಿಸುವ ಮೊದಲೇ ಈಡೇರಿರುತ್ತದೆ. ಅದೂ ಹೊರಡಿಸುವವರನ್ನೇ ಆಡಿಕೊಂಡು ನಕ್ಕು. ಸಂಖ್ಯೆ ಈಗಾಗಲೇ ದಾಖಲಾತಿ ಪುಸ್ತಕಕ್ಕೆ ಏರಿರುವುದರಿಂದ ಸುತ್ತೋಲೆಯನ್ನು ಹಿಂಪಡೆಯಲು ಬರುವುದಿಲ್ಲ. ಕಲಂ ೯ನ್ನು ಮಾತ್ರ ಕೈಬಿಡಲಾಗಿದೆ. ಅಧೀಕ್ಷಕಿಯವರನ್ನು ಕುರಿತು ನಗುವುದಕ್ಕೆ ಮೂವತ್ತನೆಯ ತಾರೀಖಿನ ಸಂಜೆಯವರೆಗೆ ಅನುಮತಿ ನೀಡಲಾಗಿದೆ. ತರುವಾಯ ಮನೆಯಲ್ಲಿ ಮುಂದುವರಿಸಬಹುದು.

ಯಂತ್ರಗಳ ವರದಿಯನ್ನು ಹೀಗೆ ಕಳುಹಿಸಲಾಗುತ್ತಿದೆ: ಎರಡೂ ಉತ್ತಮವಾಗಿವೆ. ಎರಡೂ ನಮಗೆ ಹೆಚ್ಚಾದವು.

೧೨. ಬಿಡುಗಡೆ ಆದೇಶ

ಮೂವತ್ತರ ಸಮಾರಂಭಕ್ಕೆ ಮುಂಚಿತವಾಗಿ ಇಂದು ಬೆಳಿಗ್ಗೆ ಒಂದನೇ ಕಿಟಕಿಯವರಿಂದ ಆದೇಶವನ್ನು ಒಮ್ಮೆ ಓದಿಸಿ ನೋಡಲಾಯಿತು. ಮೊದಲ ಸಾಲು ಸಂಖ್ಯೆ ಮತ್ತು ದಿನಾಂಕ, ಗಟ್ಟಿಯಾಗಿ ಓದಿದರು. ಎರಡನೆಯ ಸಾಲು ಹೆಸರು ಮತ್ತು ಹುದ್ದೆ, ಅದನ್ನೂ ಓದಿದರು. “ಸದರಿಯವರು ನಾಳೆಯ ದಿನದಿಂದ ಕರ್ತವ್ಯಕ್ಕೆ ಹಾಜರಾಗಬೇಕಾಗಿರುವುದಿಲ್ಲ” ಎಂಬ ಮೂರನೆಯ ಸಾಲಿನಲ್ಲಿ ‘ನಾಳೆಯ’ ಎಂಬಲ್ಲಿಗೆ ಅವರ ದನಿ ನಿಂತುಹೋಯಿತು. ನೀರು ಕುಡಿದು ಮತ್ತೆ ಪ್ರಯತ್ನಿಸಿದರು. ಮತ್ತೆ ಅಲ್ಲಿಯೇ ನಿಂತಿತು. ಇದು ವೇಗದ ಕೊರತೆಯಾಗಲಿ ಬಿಸಿಯಾಗಲಿ ಅಲ್ಲವೆಂದು ಪರಿಶೀಲಿಸಲಾಗಿದೆ.

ಆ ಸಾಲನ್ನು ಅಧೀಕ್ಷಕಿಯವರೇ ಓದುವುದೆಂದು ತೀರ್ಮಾನಿಸಿ, ಅವರೂ ಓದಿ ನೋಡಿದರು. ಅವರಿಗೂ ಓದಲು ಬರಲಿಲ್ಲ.

ಆದಕಾರಣ ಆದೇಶದಿಂದ ಮೂರನೆಯ ಸಾಲನ್ನು ತೆಗೆದುಹಾಕಲಾಗಿದೆ. ಆ ಸಾಲು ಇಲ್ಲದಿರುವುದರಿಂದ ಎರಡನೇ ಕಿಟಕಿಯವರು ನಿವೃತ್ತರಾದ ಮರುದಿನವೂ ಕಚೇರಿಗೆ ಬರಬಹುದೇ ಎಂಬ ಕಾನೂನಿನ ಪ್ರಶ್ನೆ ಉದ್ಭವಿಸುತ್ತದೆ. ಆ ಪ್ರಶ್ನೆಗೆ ಉತ್ತರವನ್ನು ಯಾರೂ ಕೋರತಕ್ಕದ್ದಲ್ಲ.

ಮೇಲ್ಕಂಡದ್ದನ್ನು ಓದಿದವರು ಓದಿದೆವೆಂದೂ, ಕದ್ದು ಕೇಳಿದವರು ಕೇಳಿದೆವೆಂದೂ ಅಂಚಿನಲ್ಲಿ ಸಹಿ ಹಾಕಿ ಹಿಂದಿರುಗಿಸುವುದು.

(ಸಹಿ)
ಅಧೀಕ್ಷಕಿ
ವಿಳಾಸ ಬದಲಾವಣೆ ವಿಭಾಗ
(ಶಾಯಿಪ್ಯಾಡು ಸಿಗದ ಕಾರಣ ಮುದ್ರೆ ಒತ್ತಿರುವುದಿಲ್ಲ)

ಪ್ರತಿಗಳು:

೧. ಒಂದನೇ ಕಿಟಕಿಯವರಿಗೆ, ಮಾಹಿತಿಗಾಗಿ.
೨. ಎರಡನೇ ಕಿಟಕಿಯವರಿಗೆ, ಪೆನ್ಸಿಲು ಹಿಂದಿರುಗಿಸುವ ಸೂಚನೆಯೊಂದಿಗೆ.
೩. ಕೇಂದ್ರ ಕಚೇರಿಗೆ. ಮುಂದೆ ದೂರವಾಣಿಯಲ್ಲಿ ಪದಗಳನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆ ಲೈನು ಕಡಿದುಕೊಳ್ಳಬೇಕೆಂದು ವಿನಂತಿಸಿ.
೪. ನೇರಳೆ ಚೀಟಿ ಹಾಗೂ ಹಳದಿ ಚೀಟಿ ಕಂಪನಿಗಳ ಪ್ರತಿನಿಧಿಗಳಿಗೆ, ಇಬ್ಬರಿಗೂ ಸೇರಿ ಒಂದೇ ಪ್ರತಿ. ಸ್ಕೂಟರು ಒಂದೇ ಇರುವುದರಿಂದ.
೫. ಬೇಕರಿಯವರ ಶ್ರೀಮತಿಯವರಿಗೆ, ಅವರ ಪತಿ ನಿರ್ದೋಷಿಗಳೆಂಬ ಪ್ರಮಾಣಪತ್ರದೊಂದಿಗೆ. ವಿಳಾಸ ಖಚಿತವಿಲ್ಲದ್ದರಿಂದ ಕೈಯಾರೆ ತಲುಪಿಸುವುದು.
೬. ಉಗ್ರಾಣದವರಿಗೆ. ದಾರದ ಉಂಡೆ ಮೂವತ್ತೊಂಬತ್ತು ಬಂದಿವೆ. ಒಂದು ಈ ಸುತ್ತೋಲೆಯನ್ನು ಕಟ್ಟಲು ಬಳಕೆಯಾಗಿದೆ.
೭. ಕಚೇರಿ ಪ್ರತಿ.